ಹದಿನೆಂಟನೆಯ ಸಾಲು

ಇದನ್ನು ಹೇಳಲು ನನಗಿಂತ ಯೋಗ್ಯರಾದವರು ನಮ್ಮ ಊರಿನಲ್ಲಿ ಕನಿಷ್ಠ ನಾಲ್ಕು ಮಂದಿ ಇದ್ದಾರೆ. ಅವರಲ್ಲಿ ಮೂವರನ್ನು ಕೇಳಿಯೂ ಬಂದೆ. ಮೂವರೂ ‘ತಪ್ಪು ಮಾಡಿದವಳು ನೀನು, ನೀನೇ ಬರೆ’ ಎಂದರು. ನಾಲ್ಕನೆಯವರನ್ನು ಕೇಳುವ ಧೈರ್ಯ ಬರಲಿಲ್ಲ, ಏಕೆಂದರೆ ಇದು ಅವರ ಕಥೆ. ನಾನು ಹಗಲು ಪುರಸಭೆಯ ಟಪಾಲು ವಿಭಾಗದಲ್ಲಿ ಕೆಲಸ ಮಾಡಿಕೊಂಡು ಸಂಜೆ ಕಾಲೇಜಿನಲ್ಲಿ ಓದಿದವಳು. ಅಲ್ಲಿ ಪುಸ್ತಕದ ಕೊನೆಯ ಅಧ್ಯಾಯಗಳನ್ನು ಯಾವಾಗಲೂ ಬಿಟ್ಟುಬಿಡುತ್ತಿದ್ದರು, ಕೊನೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಆದ್ದರಿಂದ ಯಾವುದನ್ನಾದರೂ ಹೇಗೆ ಶುರು ಮಾಡಬೇಕೆಂದು ನನಗೆ ಸುಮಾರಾಗಿ ಗೊತ್ತು, ಹೇಗೆ ಮುಗಿಸಬೇಕೆಂದು ಅಷ್ಟಾಗಿ ಗೊತ್ತಿಲ್ಲ. ಕ್ಷಮಿಸಿ ಓದಬೇಕು.

ನಮ್ಮ ಊರಿನಲ್ಲಿ ಮೊದಲ ದಿನ ಇದ್ದದ್ದು ಇರುತ್ತದೆ. ಆಮೇಲೆ ತಂದು ಸೇರಿಸಿದ್ದು ಬೆಳಗಾಗುವಷ್ಟರಲ್ಲಿ ಇರುವುದಿಲ್ಲ, ಆಮೇಲೆ ತೆಗೆದದ್ದು ಬೆಳಗಾಗುವಷ್ಟರಲ್ಲಿ ವಾಪಸು ಬಂದಿರುತ್ತದೆ. ತಿಂದು ಉಟ್ಟು ಸವೆಯುವುದರ ಮಾತು ಬೇರೆ. ಆದರೆ ಗೃಹಪ್ರವೇಶವಾದ ಮೇಲೆ ಗೋಡೆಗೆ ಒಂದು ಮೊಳೆ ಹೊಡೆದರೆ ಮರುದಿನ ಗೋಡೆ ನುಣ್ಣಗಿರುತ್ತದೆ, ಮೊಳೆ ಡಬ್ಬಿಯೊಳಗಿರುತ್ತದೆ. ಆದ್ದರಿಂದ ಮನೆ ಕಟ್ಟಿದವರು ಒಳಗೆ ಕಾಲಿಡುವ ಮುಂಚೆ ಪಟ್ಟಿ ಬರೆಯುವವರನ್ನು ಕರೆಸುತ್ತಾರೆ. ಮೊಳೆ ಎಷ್ಟು, ಶೆಲ್ಫು ಎಷ್ಟು, ಒರಳು ಎಲ್ಲಿ, ಎಲ್ಲವನ್ನೂ ಯೋಚಿಸಿ ಬರೆದು ಪಟ್ಟಿಯನ್ನು ತೊಲೆಗೆ ಸಿಕ್ಕಿಸುತ್ತಾರೆ. ಗಂಡುಮಕ್ಕಳಿರುವ ಮನೆಯಲ್ಲಿ ‘ಬರತಕ್ಕ ಸೊಸೆ, ಒಬ್ಬಳು’ ಎಂದು ಒಂದು ಸಾಲು ಬಿಟ್ಟಿರುತ್ತಾರೆ. ಹಿಂದಿನ ಬೀದಿಯಲ್ಲೊಬ್ಬರು ಇಬ್ಬರು ಗಂಡುಮಕ್ಕಳಿದ್ದರೂ ಅವಸರದಲ್ಲಿ ‘ಒಬ್ಬಳು’ ಎಂದೇ ಬರೆಸಿಬಿಟ್ಟರು. ಎರಡನೆಯ ಸೊಸೆ ಎದುರಿನ ಬಾಡಿಗೆ ಮನೆಯಲ್ಲಿದ್ದಾಳೆ. ಇಬ್ಬರಲ್ಲಿ ಅವಳೇ ಸುಖವಾಗಿದ್ದಾಳೆ ಎಂದು ಎಲ್ಲರೂ ಹೇಳುತ್ತಾರೆ.

ಪಟ್ಟಿ ಬರೆಯುವುದು ನಮ್ಮ ಸೋದರಮಾವನ ಕೆಲಸವಾಗಿತ್ತು. ಅವರ ಕಣ್ಣು ಮಂಜಾದ ಮೇಲೆ ನನ್ನ ಕೈಗೆ ಬಂತು. ನನಗೆ ಅದು ಬೇಕಿರಲಿಲ್ಲ. ಒಂದು ಮನೆಯ ಪಟ್ಟಿ ಬರೆದು ಬಂದರೆ ಮೂರು ದಿನ ಊಟ ಸೇರುವುದಿಲ್ಲ, ಏನನ್ನೋ ಬಿಟ್ಟುಬಿಟ್ಟೆ ಎಂದೇ ಅನಿಸುತ್ತಿರುತ್ತದೆ.

ಕಂಪ್ಯೂಟರುಗಳು ಬಂದಾಗ, ಪಟ್ಟಿಯಲ್ಲಿ ‘ಬರತಕ್ಕ ಯಂತ್ರ, ಒಂದು’ ಎಂದು ಸಾಲು ಬಿಟ್ಟಿದ್ದ ಮನೆಗಳಲ್ಲಿ ಅವು ಉಳಿದವು, ಆದರೆ ಇದೇ ತೊಂದರೆ ಅವಕ್ಕೂ ಬಂತು. ಪೆಟ್ಟಿಗೆಯಿಂದ ತೆಗೆದು ಚಾಲೂ ಮಾಡಿದ ದಿನ ಅದರಲ್ಲಿ ಏನಿತ್ತೋ ಅಷ್ಟೇ. ಸಂಜೆ ಏನಾದರೂ ಹೊಸ ಪ್ರೋಗ್ರಾಂ ಹಾಕಿಕೊಂಡರೆ ಬೆಳಿಗ್ಗೆ ಇಲ್ಲ. ಆಗ ರಿಪೇರಿ ಅಂಗಡಿಯ ಖುದ್ದೂಸ್ ಭಾಯಿ ಎಲ್ಲಿಂದಲೋ ಲಿನಕ್ಸ್ ಎಂಬ, ಕಂಪ್ಯೂಟರು ನಡೆಸುವ ವ್ಯವಸ್ಥೆಯನ್ನು ತಂದರು. ಅದರಲ್ಲಿ ಏನಿರಬೇಕು, ಏನಿರಬಾರದು ಎಂದು ನಾವೇ ತೀರ್ಮಾನಿಸಿ ನಮ್ಮದೇ ಸೀಡಿ ಮಾಡಿಕೊಳ್ಳಬಹುದು, ಯಾರೂ ಬೇಡವೆನ್ನುವುದಿಲ್ಲ. ಐದು ವರ್ಷಕ್ಕೊಮ್ಮೆ ಊರಿನ ಎಲ್ಲ ಯಂತ್ರಗಳನ್ನೂ ಪೂರ್ತಿ ಅಳಿಸಿ ಹೊಸ ಸೀಡಿ ಹಾಕುತ್ತೇವೆ. ಆಗ ಯಂತ್ರಕ್ಕೆ ಇನ್ನೊಂದು ಮೊದಲ ದಿನ ಸಿಗುತ್ತದೆ. ಅದಕ್ಕೂ ಮುಂಚೆ ಅಳಿಸಿದರೆ ಬೆಳಗಾಗುವಷ್ಟರಲ್ಲಿ ಹಳೆಯದೇ ವಾಪಸು ಬಂದಿರುತ್ತದೆ. ಮನೆಗಳಿಗೆ ಆ ಭಾಗ್ಯವಿಲ್ಲ. ಸೀಡಿಯಲ್ಲಿ ಹದಿನೆಂಟು ಪ್ರೋಗ್ರಾಂಗಳಿಗೆ ಜಾಗ. ಈಗೀಗ ಹೆಚ್ಚು ಹಿಡಿಯುವಂಥವು ಬಂದಿವೆಯಂತೆ, ಆದರೆ ನಮ್ಮ ಮೊದಲ ಸೀಡಿ ಅಷ್ಟೇ ಹಿಡಿಯುತ್ತಿದ್ದುದರಿಂದ ಈಗಲೂ ಅಷ್ಟೇ.

ಸೀಡಿಯ ಮೊದಲನೆಯ ಪಟ್ಟಿಯಲ್ಲಿ ನಾಲ್ಕು ಗಡಿಯಾರದ ಪ್ರೋಗ್ರಾಂಗಳಿದ್ದವು. ಏನಿರಬೇಕೆಂದು ತೀರ್ಮಾನಿಸುವ ಸಮಿತಿಯವರು ಪಟ್ಟಿಯ ಶುದ್ಧಪ್ರತಿ ಬರೆಯುವವರ ಹಿಂದೆ ನಿಂತು ಒಬ್ಬೊಬ್ಬರೂ ಒಂದೊಂದು ಗಡಿಯಾರ ಬರೆಸಿದ್ದರು. ಅಂದಿನಿಂದ ಶುದ್ಧಪ್ರತಿ ಬರೆಯುವವರ ಕೈಗೆ ಯಾರೂ ಅಡ್ಡ ಬರಬಾರದೆಂದು ಗೊತ್ತುಮಾಡಿದರು. ಸಮಿತಿ ಹೇಳುವುದನ್ನು ಹೇಳುತ್ತದೆ, ಬರೆಯುವವರು ಮನೆಯಲ್ಲಿ ಒಬ್ಬರೇ ಕೂತು, ಶಾಯಿಯಲ್ಲಿ, ಒಂದೂ ಚಿತ್ತಿಲ್ಲದೆ ಬರೆಯುತ್ತಾರೆ. ಬರೆದದ್ದೇ ಸೀಡಿ. ಎರಡನೆಯ ಪಟ್ಟಿಯಲ್ಲಿ ಚಿತ್ರ ಬರೆಯುವ ಪ್ರೋಗ್ರಾಂ ಬಿಟ್ಟುಹೋಯಿತು. ಲಗ್ನಪತ್ರಿಕೆ ಮಾಡುವವರು ಐದು ವರ್ಷ ಲೆಕ್ಕದ ಪ್ರೋಗ್ರಾಂನ ಚೌಕಗಳಿಗೇ ಬಣ್ಣ ತುಂಬಿ ಹಂಸ ಮಾಡಿದರು. ಆಮೇಲೆ ಚಿತ್ರದ ಪ್ರೋಗ್ರಾಂ ಬಂದರೂ ಜನಕ್ಕೆ ಚೌಕದ ಹಂಸವೇ ಅಭ್ಯಾಸವಾಗಿಹೋಗಿತ್ತು. ಈಗಲೂ ನಮ್ಮ ಕಡೆ ಮದುವೆಯ ಹಂಸಕ್ಕೆ ಕತ್ತು ಕಟ್ಟಡದ ಮೆಟ್ಟಿಲಿನ ಹಾಗಿರುತ್ತದೆ.

ಇನ್ನೊಂದು ಪದ್ಧತಿ ಹೇಳಬೇಕು. ಪಟ್ಟಿಯಿಂದ ಏನನ್ನಾದರೂ ಬಿಟ್ಟರೆ, ಅದಿಲ್ಲದೆ ಯಾರಿಗೆ ಹೆಚ್ಚು ಕಷ್ಟವಾಗುತ್ತದೋ ಅವರ ಮನೆಗೆ ಬರೆಯುವವರೇ ಹೋಗಿ, ಅವರ ಕೈಯಿಂದ ಒಂದು ಲೋಟ ನೀರು ಇಸಿದುಕೊಂಡು ಕುಡಿದು ಬರಬೇಕು. ಮಾತಾಡಲೇಬೇಕೆಂದಿಲ್ಲ. ನೀರು ಕುಡಿದರೆ ಅವರಿಗೆ ಅರ್ಥವಾಗುತ್ತದೆ.

ನಾನು ಬರೆದದ್ದು ನಾಲ್ಕನೆಯ ಪಟ್ಟಿ. ಸಮಿತಿಯ ಅಧ್ಯಕ್ಷರು ಪುಟ್ಟಮಾದಯ್ಯನವರು, ಭೂಮಾಪನ ಇಲಾಖೆಯಿಂದ ನಿವೃತ್ತರಾದವರು. ಖುದ್ದೂಸ್ ಭಾಯಿ ಇದ್ದರು, ನಾನಿದ್ದೆ, ಇನ್ನಿಬ್ಬರು ಎಲ್ಲದಕ್ಕೂ ತಲೆಯಾಡಿಸುವ ಸದಸ್ಯರಿದ್ದರು. ಬರೆಯುವ ಪ್ರೋಗ್ರಾಂಗಳು ಎರಡಿದ್ದವು. ಯಾವುದು ಇರಬೇಕೆಂದು ಮೂರು ಸಭೆ ಜಗಳವಾಗಿ, ಆ ಇಬ್ಬರು ಸದಸ್ಯರು ಜೀವಮಾನದಲ್ಲಿ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟು, ಕೊನೆಗೆ ಎರಡೂ ಇರಲಿ ಎಂದಾಯಿತು. ಹೀಗೆ ಹದಿನೇಳು ತುಂಬಿತು. ಹದಿನೆಂಟನೆಯ ಸಾಲಿಗೆ ಎರಡು ಉಳಿದವು. ಒಂದು, ಮೊದಲಿನಿಂದಲೂ ಇದ್ದ ಇಸ್ಪೀಟಾಟ. ಇನ್ನೊಂದು, ಟೈಪಿಂಗ್ ಕಲಿಸುವ ಹೊಸ ಪ್ರೋಗ್ರಾಂ. ಅದನ್ನು ಖುದ್ದೂಸ್ ಭಾಯಿ ನಮಗೆ ತೋರಿಸಿದರು. ಮೇಲಿನಿಂದ ಅಕ್ಷರಗಳು ಬೀಳುತ್ತವೆ, ಕೆಳಗೆ ಒಂದು ಕಪ್ಪೆ ಬಾಯಿ ತೆರೆದುಕೊಂಡು ಕೂತಿರುತ್ತದೆ. ಸರಿಯಾದ ಕೀಲಿ ಒತ್ತಿದರೆ ಕಪ್ಪೆ ಅಕ್ಷರವನ್ನು ನುಂಗುತ್ತದೆ. ತಪ್ಪಿದರೆ ‘ಮತ್ತೊಮ್ಮೆ ಪ್ರಯತ್ನಿಸಿ’ ಎನ್ನುತ್ತದೆ. ಅಷ್ಟು ಮರ್ಯಾದೆಯಿಂದ ನನಗೆ ಯಾರೂ ಟೈಪಿಂಗ್ ಕಲಿಸಿರಲಿಲ್ಲ.

‘ಇಸ್ಪೀಟು ತೆಗೀರಿ’ ಎಂದರು ಪುಟ್ಟಮಾದಯ್ಯನವರು. ‘ಹದಿನೈದು ವರ್ಷದಿಂದ ಐತೆ. ಊರು ಉದ್ಧಾರ ಆಗಿದ್ದು ಸಾಕು.’

‘ತೆಗೆದ್ರೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ವಾಚನಾಲಯದ ಮೂಲೆ ಕಂಪ್ಯೂಟರು ಖಾಲಿ ಬೀಳ್ತದೆ ಸಾರ್’ ಎಂದರು ಖುದ್ದೂಸ್ ಭಾಯಿ.

‘ಯಾಕೆ?’

‘ಹಂಗೇ ಅಂದೆ.’

‘ಹಂಗೇ ಏನೂ ಅನ್ಬೇಡಿ. ಪದ್ಮಾಕ್ಷಮ್ಮ, ಟೈಪಿಂಗ್ ಅಂತ ಬರ್ಕೊಳ್ಳಿ. ವಿದ್ಯೆ ಮೊದಲು.’

ಟೈಪಿಂಗ್ ಪ್ರೋಗ್ರಾಂ ಬೇಕೆಂದು ಸಮಿತಿಗೆ ಒಂದು ಕಾಗದವೂ ಬಂದಿತ್ತು, ಹೆಸರಿಲ್ಲದ್ದು. ‘ಪ್ರತಿ ಮನೆಯಲ್ಲಿಯೂ ಇದು ಇರುವುದು ಅಗತ್ಯ. ಇದ್ದರೆ ಸಂಜೆಯ ಹೊತ್ತು ಮಕ್ಕಳು ಯಾರ ಜಗುಲಿಗೂ ಹೋಗಿ ಕುಳಿತುಕೊಳ್ಳಬೇಕಾಗಿಲ್ಲ’ ಎಂದು ಟೈಪ್ ಮಾಡಿದ್ದರು. ಅದನ್ನು ಕಡತಕ್ಕೆ ಸೇರಿಸುವಾಗ ಇನ್ನೊಮ್ಮೆ ನೋಡಿದೆ. ಅದರಲ್ಲಿ ‘ಳ’ ಅಕ್ಷರ ಬಂದಲ್ಲೆಲ್ಲ ಸಾಲಿಗಿಂತ ಒಂದು ಕೂದಲೆಳೆ ಮೇಲಕ್ಕೆ ನಿಂತಿತ್ತು. ಆ ‘ಳ’ ನನಗೆ ಗೊತ್ತು. ಅದು ಎಸ್ತರ್ ಟೀಚರ ಜಗುಲಿಯ ಎರಡನೆಯ ನಂಬರಿನ ಟೈಪ್‌ರೈಟರಿನದು. ಎಷ್ಟು ಸಲ ಸರಿ ಮಾಡಿಸಿದರೂ ಬೆಳಗಾಗುವಷ್ಟರಲ್ಲಿ ಮೇಲೇಳುತ್ತದೆ.

ಎಸ್ತರ್ ಟೀಚರು ನನಗೆ ಟೈಪಿಂಗ್ ಕಲಿಸಿದವರು, ನನಗಷ್ಟೇ ಅಲ್ಲ, ಊರಿನ ಅರ್ಧ ಜನಕ್ಕೆ. ಮೂವತ್ತನಾಲ್ಕು ವರ್ಷಗಳಿಂದ ಸಂಜೆ ಆರರಿಂದ ಏಳೂವರೆಯವರೆಗೆ ಅವರ ಜಗುಲಿಯಲ್ಲಿ ತರಗತಿ ನಡೆಯುತ್ತದೆ. ಒಬ್ಬರೇ ಇರುತ್ತಾರೆ. ಅವರಲ್ಲಿ ಕಲಿತ ಯಾರೋ ಒಬ್ಬ ವಿದ್ಯಾರ್ಥಿ, ಅವರದೇ ಯಂತ್ರದ ಮುಂದೆ ಕೂತು, ಅವರ ತರಗತಿಯನ್ನೇ ಮುಚ್ಚಿಸುವ ಕಾಗದ ಹೊಡೆದಿದ್ದಾನೆ ಎಂದು ನನಗೆ ಅನಿಸಿತು. ಬಹಳ ಒಳ್ಳೆಯ ವಿದ್ಯಾರ್ಥಿಯೇ ಇರಬೇಕು, ಕಾಗದದ ಅಂಚು ಒಂದಿಷ್ಟೂ ತಪ್ಪಿರಲಿಲ್ಲ. ಕೃತಘ್ನರೇ ಚೆನ್ನಾಗಿ ಟೈಪ್ ಮಾಡುತ್ತಾರೆ ಎಂದುಕೊಂಡು ಕಡತಕ್ಕೆ ದಾರ ಬಿಗಿದೆ.

ಇಸ್ಪೀಟು ಬಿಡುವುದೆಂದರೆ ಮೊದಲು ನೀರು ಕುಡಿದು ಬರಬೇಕಲ್ಲ. ಇಸ್ಪೀಟಿಲ್ಲದೆ ಯಾರಿಗೆ ಹೆಚ್ಚು ಕಷ್ಟವೆಂದು ಊರಿಗೆಲ್ಲ ಗೊತ್ತಿತ್ತು. ಶನಿವಾರ ಬೆಳಿಗ್ಗೆ ಪುಟ್ಟಮಾದಯ್ಯನವರ ಮನೆಗೇ ಹೋದೆ.

‘ಏನಮ್ಮಾ, ಬಂದಿದ್ದು?’

‘ಸುಮ್ಮನೆ ಸಾರ್. ಒಂದು ಲೋಟ ನೀರು.’

ಅವರು ನನ್ನನ್ನೇ ನೋಡಿದರು. ‘ಇಸ್ಪೀಟು ಆಡೋರು ಯಾರಿದಾರಮ್ಮ ಈ ಕಾಲದಲ್ಲಿ’ ಎನ್ನುತ್ತಾ ಒಳಗೆ ಹೋಗಿ ನೀರು ತಂದರು. ನಾನು ಲೋಟ ಹಿಡಿದೆ. ಅವರು ಬಿಡಲಿಲ್ಲ. ಇಬ್ಬರೂ ಒಂದೇ ಲೋಟ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆವು. ‘ಒಬ್ಬರೇ ಇರೋರಿಗೆ ಹೊತ್ತು ಹೋಗ್ಬೇಕಲ್ಲ, ಅಂಥೋರು ಆಡ್ತಾರೇನೋ’ ಎಂದು ಹೇಳಿ ಬಿಟ್ಟರು. ಅವರ ಮಡದಿ ತೀರಿಹೋಗಿ ಆರು ವರ್ಷವಾಗಿತ್ತು. ನೀರು ಕುಡಿದು ಲೋಟವನ್ನು ಅವರ ಕೈಗೇ ಕೊಟ್ಟು ಬಂದೆ.

ಬಿಟ್ಟದ್ದಕ್ಕೆ ಪದ್ಧತಿ ಇದೆ, ಸೇರಿಸಿದ್ದಕ್ಕೆ ಇಲ್ಲ. ಕಪ್ಪೆಯನ್ನು ಸೇರಿಸಿದರೆ ಜಗುಲಿ ಖಾಲಿಯಾಗುವವರ ಮನೆಗೆ ಹೋಗಿ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಮಧ್ಯಾಹ್ನ ನಾಲ್ಕೂವರೆಗೆ ಎಸ್ತರ್ ಟೀಚರ ಮನೆಗೆ ಹೋದೆ. ಮೂರು ಟೈಪ್‌ರೈಟರಿಗೂ ಬಟ್ಟೆ ಹೊದಿಸಿತ್ತು, ಮೂಲೆಯ ಕಂಪ್ಯೂಟರಿಗೂ ಹೊದಿಸಿತ್ತು. ಬೆನ್ನು ಬಗ್ಗಿಸಿದವರ ಮೇಲೆ ಬೀಳುವ ಸ್ಟೀಲ್ ಸ್ಕೇಲು ಅದರ ಜಾಗದಲ್ಲಿತ್ತು.

‘ಏನ್ ಪದ್ಮಾಕ್ಷಿ, ಬೆನ್ನು ಬಗ್ಗಿದೆ. ಕೂತ್ಕೊಳ್ಳೋದು ಮರೆತೆಯಾ?’

ನಾನು ನೆಟ್ಟಗೆ ಕೂತೆ. ‘ಮಕ್ಕಳು ಬರ್ತಿದಾರಾ ಟೀಚರ್?’

‘ಬರದೇ ಎಲ್ಲಿಗೆ ಹೋಗ್ತಾರೆ. ಆರು ಗಂಟೆ ಆಯ್ತು ಅಂದ್ರೆ ಬಂದ್ರು. ಮಳೆ ಬಂದ್ರೂ ಬರ್ತಾರೆ, ನನಗೆ ಜ್ವರ ಬಂದ್ರೂ ಬರ್ತಾರೆ. ಒಂದ್ಸಲ ಗೇಟಿಗೆ ಬೋರ್ಡ್ ಹಾಕಿದ್ದೆ, ತರಗತಿ ಇರೋದಿಲ್ಲ ಅಂತ. ಬೆಳಿಗ್ಗೆ ನೋಡಿದ್ರೆ ಬೋರ್ಡೇ ಇಲ್ಲ.’ ಅವರು ನಕ್ಕರು. ಅದು ಹೆಮ್ಮೆಯ ನಗು ಎಂದುಕೊಂಡು ನಾನೂ ನಕ್ಕೆ.

‘ನಿಮ್ಮ ತರಗತಿ ಇಲ್ದೇ ಇದ್ದಿದ್ರೆ ಏನಾಗ್ತಿತ್ತು ಟೀಚರ್.’

‘ಏನಾಗ್ತಿತ್ತು? ಸಂಜೆ ಆಗ್ತಿತ್ತು.’

ಅದೂ ನನಗೆ ವಿನಯದಂತೆ ಕೇಳಿಸಿತು.

‘ಟೈಪಿಂಗ್ ಕಲಿಸೋದು ಒಂದು ಬಂದಿದೆಯಂತಲ್ಲ. ಕಪ್ಪೆ ಇದೆಯಂತೆ’ ಎಂದರು ಅವರೇ. ‘ಚೆನ್ನಾಗಿ ಕಲಿಸುತ್ತಂತೆ.’

ಹೊಟ್ಟೆಯಲ್ಲಿ ಸಂಕಟ ಇಟ್ಟುಕೊಂಡು ಎಷ್ಟು ಧೈರ್ಯವಾಗಿ ಮಾತಾಡುತ್ತಾರೆ ಎಂದು ನನ್ನ ಕಣ್ಣು ತುಂಬಿತು. ‘ನೀವು ಚಿಂತೆ ಮಾಡ್ಬೇಡಿ ಟೀಚರ್’ ಎಂದೆ.

‘ನಾನ್ಯಾಕೆ ಚಿಂತೆ ಮಾಡ್ಲಿ. ಬರೆಯೋಳು ನೀನು. ನನ್ನ ಕೈಯಲ್ಲಿ ಕಲಿತೋಳು’ ಎಂದು ಎದ್ದುಹೋಗಿ, ನಾನು ಕೇಳದಿದ್ದರೂ ಒಂದು ಲೋಟ ನೀರು ತಂದುಕೊಟ್ಟರು. ಕೊಟ್ಟರೆ ಬೇಡವೆನ್ನಲಾಗುತ್ತದೆಯೇ, ಕುಡಿದೆ. ಪೂರ್ತಿ ಕುಡಿಯುವವರೆಗೂ ಅವರು ನನ್ನನ್ನು ನೋಡುತ್ತಿದ್ದರು. ಅವರ ಕಣ್ಣು ಹೊಳೆಯುತ್ತಿತ್ತು. ನಾನು ಅದನ್ನು ಕಣ್ಣೀರೆಂದು ತಿಳಿದೆ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಶುದ್ಧಪ್ರತಿಗೆ ಕೂತೆ. ಹದಿನೇಳು ಸಾಲು ಬರೆದೆ. ಹದಿನೆಂಟನೆಯದಕ್ಕೆ ಬಂದಾಗ ಸಮಿತಿಯ ನಿರ್ಣಯ ನೆನಪಾಯಿತು, ಹೆಸರಿಲ್ಲದ ಕಾಗದ ನೆನಪಾಯಿತು, ಸ್ಟೀಲ್ ಸ್ಕೇಲು ನೆನಪಾಯಿತು. ‘ಇಸ್ಪೀಟು’ ಎಂದು ಬರೆದೆ. ಚಿತ್ತಾಗಲಿಲ್ಲ. ನನ್ನ ಜೀವನದಲ್ಲಿ ಒಂದು ಕೆಲಸವನ್ನಾದರೂ ಹೆದರದೆ ಮಾಡಿದೆನಲ್ಲ ಎಂದು ಸಂತೋಷಪಟ್ಟು ಆ ದಿನ ಎರಡು ಸಲ ಉಂಡೆ.

ಸೋಮವಾರ ವಾಚನಾಲಯದ ಮೂಲೆಯ ಯಂತ್ರಕ್ಕೇ ಮೊದಲು ಸೀಡಿ ಹಾಕಿದರು. ಪುಟ್ಟಮಾದಯ್ಯನವರು ಪರೀಕ್ಷೆ ಮಾಡಲು ಕೂತರು. ‘ಇದೇನಮ್ಮಾ ಇದು, ಸಮಿತಿ ನಿರ್ಣಯಕ್ಕೆ ಪೂರಾ ವಿರುದ್ಧ. ಇದನ್ನ ನಾನು ಗಂಭೀರವಾಗಿ ತಗೋತೀನಿ’ ಎಂದರು. ಹಾಗೆನ್ನುವಷ್ಟರಲ್ಲಿ ಅವರ ಕೈ ಕರಿ ಒಂಬತ್ತನ್ನು ಎತ್ತಿ ಕೆಂಪು ಹತ್ತರ ಮೇಲೆ ಇಟ್ಟಾಗಿತ್ತು. ‘ಗಂಭೀರವಾಗೇ ತಗೊಂಡಿದಾರೆ’ ಎಂದರು ಖುದ್ದೂಸ್ ಭಾಯಿ.

ಬುಧವಾರ ಎಸ್ತರ್ ಟೀಚರ ಮನೆಯ ಸರದಿ. ಅಂದು ಮಧ್ಯಾಹ್ನ ಅವರು ಟಪಾಲು ವಿಭಾಗಕ್ಕೆ ಬಂದು ನನ್ನ ಮೇಜಿನ ಮುಂದೆ ನಿಂತರು.

‘ಪದ್ಮಾಕ್ಷಿ, ಕಪ್ಪೆ ಎಲ್ಲಿ?’

‘ಬಿಟ್ಟೆ ಟೀಚರ್’ ಎಂದೆ. ‘ನಿಮಗೋಸ್ಕರ.’

ಅವರು ಅಲ್ಲಿದ್ದ ಬೆಂಚಿನ ಮೇಲೆ ಕೂತರು. ಅವರ ಬೆನ್ನು ಬಗ್ಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ‘ಆ ಕಾಗದ ಹೊಡೆಯೋಕೆ ಎರಡು ದಿನ ತಗೊಂಡೆ’ ಎಂದರು. ‘ಮೂವತ್ತನಾಲ್ಕು ವರ್ಷ ಕಲಿಸಿ, ನನಗೆ ಸಾಕು ಅಂತ ಹೆಸರು ಹಾಕಿ ಹೆಂಗೆ ಬರೆಯೋದು. ಅದಕ್ಕೇ ಎರಡನೇ ಮೆಶಿನ್ನಿನಲ್ಲಿ ಹೊಡೆದೆ. ನಿನಗೆ ಗೊತ್ತಾಗುತ್ತೆ ಅಂದ್ಕೊಂಡೆ.’

‘ಗೊತ್ತಾಯ್ತು ಟೀಚರ್.’

‘ಗೊತ್ತಾಗಿ?’

ನಾನು ಏನು ತಿಳಿದುಕೊಂಡೆನೆಂದು ಹೇಳಿದೆ. ಅವರು ಬೈಯಲಿಲ್ಲ. ತರಗತಿ ಅವರ ತಂದೆ ಮನೆ ಕಟ್ಟಿಸಿದಾಗ ಬರೆಸಿದ ಪಟ್ಟಿಯಲ್ಲೇ ಇದೆಯಂತೆ. ಅದನ್ನು ನಿಲ್ಲಿಸಲಾಗುವುದಿಲ್ಲ. ಕಲಿಯುವವರು ಬರುವುದೇ ನಿಂತರೆ ಖಾಲಿ ಬೆಂಚುಗಳನ್ನು ಬಿಟ್ಟು ಹೊರಗೆ ಹೋಗಬಹುದಿತ್ತು. ಅಷ್ಟೇ ಅವರ ಆಸೆಯಾಗಿತ್ತು.

‘ಸಂಜೆ ಆರೂವರೆಗೆ ಕೆರೆ ಏರಿ ಮೇಲೆ ದೀಪ ಹಚ್ತಾರಂತೆ, ಹೌದಾ?’

‘ಹೌದು ಟೀಚರ್.’

‘ಎಷ್ಟು ದೀಪ?’

ಸಾವಿರ ಸಲ ಹೋಗಿದ್ದೇನೆ ಆ ಏರಿಯ ಮೇಲೆ. ಎಣಿಸಿರಲಿಲ್ಲ.

‘ಇನ್ನೂ ಐದು ವರ್ಷ’ ಎಂದು ಅವರು ಎದ್ದರು. ಹಿಂದೆ ‘ಅಂಚು ತಪ್ಪಿದೆ’ ಎನ್ನುತ್ತಿದ್ದ ದನಿಯಲ್ಲೇ ಎಂದರು. ಅವರಿಗೆ ಆಗ ಅರವತ್ತಮೂರು.

ಖುದ್ದೂಸ್ ಭಾಯಿ ನನ್ನ ಮಾತು ಕೇಳಿ, ಉಳಿದರೆ ಮನೆಮನೆಗೂ ಹಾಕೋಣವೆಂದು ಮೊದಲು ಟೀಚರ ಕಂಪ್ಯೂಟರಿಗೆ ಗುಟ್ಟಾಗಿ ಕಪ್ಪೆಯನ್ನು ಸೇರಿಸಿ ನೋಡಿದರು. ಬೆಳಿಗ್ಗೆ ಇರಲಿಲ್ಲ. ಇರುತ್ತದೆಂದು ನಾವಿಬ್ಬರೂ ನಂಬಿರಲಿಲ್ಲ, ಆದರೂ ಬೇಸರವಾಯಿತು. ಆಮೇಲೆ ಅವರೇ ಕೇಳಿದರು. ‘ಟೀಚರ ಮನೆ ಪಟ್ಟಿಲಿ ಸರಿಯಾಗಿ ಏನು ಬರೆದದೆ ಅಂತ ಯಾರಾದ್ರೂ ನೋಡಿದೀರಾ ಅಕ್ಕಾ?’

ಯಾರೂ ನೋಡಿರಲಿಲ್ಲ. ತೊಲೆಗೆ ಸಿಕ್ಕಿಸಿದ ಪಟ್ಟಿಯನ್ನು ಯಾರೂ ಇಳಿಸಿ ಓದುವುದಿಲ್ಲ, ಓದಿ ಏನು ಮಾಡುವುದು. ಭಾನುವಾರ ಏಣಿ ತೆಗೆದುಕೊಂಡು ಹೋದೆವು. ಪುಟ್ಟಮಾದಯ್ಯನವರು ಕರೆಯದಿದ್ದರೂ ಏಣಿ ಹಿಡಿದುಕೊಳ್ಳಲು ಬಂದರು. ಇಸ್ಪೀಟಿನ ಋಣ ಅವರನ್ನು ಕಾಡುತ್ತಿತ್ತೇನೋ. ಪಟ್ಟಿ ನನ್ನ ಸೋದರಮಾವನ ಅಕ್ಷರದಲ್ಲಿತ್ತು. ಟೈಪ್‌ರೈಟರ್ ಮೂರು, ಬೆಂಚು ಎರಡು, ಸ್ಟೀಲ್ ಸ್ಕೇಲು ಒಂದು, ಬರತಕ್ಕ ಯಂತ್ರ ಒಂದು. ಅದರ ಕೆಳಗೆ, ‘ಸಂಜೆ ಆರರಿಂದ ಏಳೂವರೆ, ಟೈಪಿಂಗ್ ತರಗತಿ. ಕಲಿಸುವವರು, ಒಬ್ಬರು.’

‘ಯಾರು ಅಂತ ಇಲ್ವಲ್ಲ’ ಎಂದರು ಪುಟ್ಟಮಾದಯ್ಯನವರು ಕೆಳಗಿನಿಂದ.

ಎಸ್ತರ್ ಟೀಚರು ಪಟ್ಟಿಯನ್ನು ಇಸಿದುಕೊಂಡು ಕನ್ನಡಕ ಹಾಕಿಕೊಂಡು ತಾವೇ ಓದಿದರು. ‘ಅಪ್ಪ ನನ್ನ ತಂಗಿ ಕಲಿಸ್ತಾಳೆ ಅಂದ್ಕೊಂಡಿದ್ರು’ ಎಂದರು. ‘ಅವಳದ್ದು ಒಳ್ಳೆ ಸ್ಪೀಡು. ಗೃಹಪ್ರವೇಶ ಆಗಿ ಆರು ತಿಂಗಳಿಗೆ ಮದುವೆ ಆಗಿ ಹೋದ್ಲು. ಆವತ್ತು ಸಂಜೆ ಮಕ್ಕಳು ಬಂದು ಕೂತಿದ್ರು. ಯಾರಾದ್ರೂ ಕೂತ್ಕೊಳ್ಳಬೇಕಿತ್ತಲ್ಲ, ನಾನು ಕೂತೆ.’

ಖುದ್ದೂಸ್ ಭಾಯಿ ಏಣಿ ಮಡಚಿದರು. ಗಂಟೆ ಐದೂ ಐವತ್ತಾಗಿತ್ತು. ನಾನು ಹೋಗಿ ಕುರ್ಚಿಯ ಮೇಲೆ ಕೂತೆ. ಅದು ನನ್ನ ಧೈರ್ಯವಲ್ಲ, ಬೇರೆ ಯಾರೂ ಕೂರುವ ಹಾಗೆ ಕಾಣಲಿಲ್ಲ. ಟೀಚರು ಸ್ಕೇಲನ್ನು ನನ್ನ ಕೈಗೆ ಕೊಡುವ ಮುಂಚೆ ಅದರ ತುದಿಯಿಂದ ನನ್ನ ಬೆನ್ನನ್ನು ಮುಟ್ಟಿದರು. ‘ನೆಟ್ಟಗೆ’ ಎಂದು ಹೇಳಿ ಚಪ್ಪಲಿ ಹಾಕಿಕೊಂಡು ಗೇಟು ತೆಗೆದು ಹೋದರು.

ಅದಾಗಿ ಎರಡು ವರ್ಷವಾಯಿತು. ಹಗಲು ಟಪಾಲು, ಸಂಜೆ ಜಗುಲಿ. ನನಗೆ ಸ್ಕೇಲಿನಿಂದ ಹೊಡೆಯಲು ಬರುವುದಿಲ್ಲ, ಕಲಿಯುವವರಿಗೆ ಅದು ಎರಡೇ ದಿನದಲ್ಲಿ ಗೊತ್ತಾಯಿತು. ತಪ್ಪಿದರೆ ‘ಮತ್ತೊಮ್ಮೆ ಪ್ರಯತ್ನಿಸಿ’ ಎನ್ನುತ್ತೇನೆ. ಕೆಲವರು ನನ್ನನ್ನು ಹಿಂದಿನಿಂದ ಕಪ್ಪೆ ಟೀಚರ್ ಎನ್ನುತ್ತಾರೆಂದು ಕೇಳಿದ್ದೇನೆ. ಒಂದು ಪುಟ ತಪ್ಪಿಲ್ಲದೆ ಹೊಡೆದವರಿಗೆ ಮೂಲೆಯ ಕಂಪ್ಯೂಟರಿನಲ್ಲಿ ಒಂದು ಆಟ ಇಸ್ಪೀಟು. ಏಳೂವರೆ ದಾಟಿ ಐದು ನಿಮಿಷಕ್ಕೆ ಎಸ್ತರ್ ಟೀಚರು ವಾಪಸು ಬಂದು ಆ ದಿನದ ಹಾಳೆಗಳನ್ನು ನೋಡುತ್ತಾರೆ, ನಾನು ಬಿಟ್ಟ ತಪ್ಪುಗಳಿಗೆಲ್ಲ ಕೆಂಪು ಸುತ್ತು ಹಾಕುತ್ತಾರೆ.

ಇನ್ನು ಮೂರು ವರ್ಷಕ್ಕೆ ಐದನೆಯ ಪಟ್ಟಿ ಬರೆಯಬೇಕು. ಹದಿನೆಂಟನೆಯ ಸಾಲಿನಲ್ಲಿ ಕಪ್ಪೆ ಎಂದು ಬರೆಯುತ್ತೇನೋ ಇಲ್ಲವೋ ಗೊತ್ತಿಲ್ಲ. ಬರೆದರೆ ಈ ಬೆಂಚುಗಳು ಖಾಲಿಯಾಗುತ್ತವೆ, ನನಗೂ ಸಂಜೆ ಬಿಡುವಾಗುತ್ತದೆ. ಆವತ್ತು ಇಸ್ಪೀಟು ಎಂದು ಬರೆದದ್ದು ಟೀಚರಿಗೋಸ್ಕರವೋ, ನಾನು ಮೊದಲ ಸಲ ನೆಟ್ಟಗೆ ಕೂತ ಜಗುಲಿ ಹಾಗೇ ಇರಲಿ ಎಂಬ ನನ್ನ ಆಸೆಗೋ, ಅದೂ ಗೊತ್ತಿಲ್ಲ. ಟೀಚರು ಸಂಜೆ ಎಲ್ಲಿಗೆ ಹೋಗುತ್ತಾರೆಂದು ನಾನು ಕೇಳಿಲ್ಲ, ಅವರು ಹೇಳಿಲ್ಲ. ಒಂದು ದಿನ ಅವರ ಸೆರಗಿನಲ್ಲಿ ಕಡಲೆಕಾಯಿ ಸಿಪ್ಪೆ ಇತ್ತು, ಇನ್ನೊಂದು ದಿನ ಚಪ್ಪಲಿ ಒದ್ದೆಯಾಗಿತ್ತು. ಕೆರೆ ಏರಿಯ ಮೇಲೆ ದೀಪ ಹಚ್ಚುವ ಹೊತ್ತಿಗೆ ನಾನು ಇಲ್ಲಿ ಕೂತಿರುತ್ತೇನೆ. ಆದ್ದರಿಂದ ಎಷ್ಟು ದೀಪ ಎಂಬುದು ನನಗೆ ಇವತ್ತಿಗೂ ತಿಳಿಯದು.